ಹೊಟ್ಟೆ ತೆಗೆದ ಹಾಯಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಪರದೆ ಟೈಲರ್ ಎಂದೇ ಕರೆಯುತ್ತಿದ್ದರು. ಕಿಟಕಿ ಪರದೆ, ಬಾಗಿಲ ಪರದೆ, ದಿಂಬಿನ ಚೀಲ, ಫ್ರಿಜ್ಜಿನ ತಲೆಯ ಮೇಲೆ ಹಾಸುವ ಬಟ್ಟೆ, ಹೀಗೆ ಚೌಕವಾಗಿ ಚಪ್ಪಟೆಯಾಗಿರುವುದು ಏನೇ ಇದ್ದರೂ ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನುಷ್ಯರಿಗೆ ಹೊಲಿಯುವುದನ್ನು ಮಾತ್ರ ಬಿಟ್ಟು ಬಹಳ ವರ್ಷವಾಗಿತ್ತು. ಮನುಷ್ಯರೆಂದರೆ ಭುಜ, ಮೊಣಕೈ, ಬೆನ್ನು ಎಂದು ಎಲ್ಲೆಂದರಲ್ಲಿ ಉಬ್ಬಿರುತ್ತಾರೆ, ಕಿಟಕಿಗೆ ಆ ತಕರಾರಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯ ಹುಟ್ಟಿದ್ದು ಒಂದು ಕೋಟಿನಿಂದ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಮೆಚ್ಚಿಸಬೇಕೆಂದು ಅವನು ಅವರಿಗೊಂದು ಉಣ್ಣೆ ಕೋಟು ಹೊಲಿದುಕೊಟ್ಟಿದ್ದ. ಮೇಜಿನ ಮೇಲೆ ಹಾಸಿದರೆ ಕೋಟು ಇಸ್ತ್ರಿ ಮಾಡಿದ ದಿಂಬಿನ ಚೀಲದ ಹಾಗೆ ಲಕ್ಷಣವಾಗಿತ್ತು. ಅತ್ತೆ ಅದನ್ನು ತೊಟ್ಟುಕೊಂಡು ನೆಂಟರ ಮನೆಗೆ ಹೋದರು. ಹೋದ ಮೇಲೆ ಗೊತ್ತಾಯಿತು, ಕೈ ಎತ್ತಲು ಬರುವುದಿಲ್ಲ, ಬಗ್ಗಲು ಬರುವುದಿಲ್ಲ, ಕುತ್ತಿಗೆ ತಿರುಗಬೇಕಾದರೆ ಇಡೀ ಮೈಯೇ ತಿರುಗಬೇಕು. ನಮಸ್ಕಾರ ಎಂದವರಿಗೆ ಕೈ ಎತ್ತದೆ, ಕಾಲಿಗೆ ಬಿದ್ದ ಮಕ್ಕಳನ್ನು ಎಬ್ಬಿಸದೆ, ಸಂಜೆಯವರೆಗೂ ಅವರು ಬಾಗಿಲ ಬಳಿ ಕಂಬವಾಗಿ ನಿಂತರು. "ಎಷ್ಟು ಜಂಬ ನೋಡು ಇವಳಿಗೆ" ಎಂದು ನೆಂಟರು ಆಡಿಕೊಂಡರು. ಮನೆಗೆ ಬಂದು ಕೇಳಿದಾಗ ಟೈಲರ್ ಟೇಪು ಹಿಡಿದು ಸುತ್ತಲೂ ಅಳೆದು, ಡಾಕ್ಟರರು ಕಾಯಿಲೆಯ ಹೆಸರು ಹೇಳುವಷ್ಟು ಗಂಭೀರವಾಗಿ, "ಕೋಟು ಸರಿಯಾಗಿದೆ ಅತ್ತೆ. ನೀವೇ ಸ್ವಲ್ಪ ದಪ್ಪ ಆಗಿದ್ದೀರಿ" ಎಂದುಬಿಟ್ಟ.

ಅಂದಿನಿಂದ ಅತ್ತೆ ಅವನೊಡನೆ ನೇರವಾಗಿ ಮಾತಾಡಿದವರಲ್ಲ. ಒಂದೇ ಮನೆಯಲ್ಲಿದ್ದು, ಅವನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ನಿನ್ನ ಗಂಡಂಗೆ ಹೇಳು, ಫ್ಯಾನು ಕಿರುಗುಟ್ತಿದೆ" ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಅಳಿಯಂದಿರು ಅಂದರೆ ಒಬ್ಬರೇ, ಪಕ್ಕದ ಬಂದರಿನ ಊರಿನಲ್ಲಿದ್ದ ದೊಡ್ಡ ಮಗಳ ಗಂಡ. ಅವನು ವಿಮೆ ಕಂಪನಿಯಲ್ಲಿ ಅಧಿಕಾರಿ. ನಮ್ಮ ಟೈಲರ್ ಬರೀ "ಚಿಕ್ಕೋಳ ಗಂಡ". ಯಾರ ಮುಂದೆ ಪರಿಚಯ ಮಾಡಿಕೊಡಬೇಕಾಗಿ ಬಂದರೂ ಅಷ್ಟೇ: "ಇವರು ಚಿಕ್ಕೋಳ ಗಂಡ." ಒಂದೇ ಒಂದು ಸಲ, ಸಾಯುವುದರೊಳಗೆ, ಅತ್ತೆಯ ಬಾಯಿಂದ "ನಮ್ಮ ಅಳಿಯಂದ್ರು" ಎನ್ನಿಸಿಕೊಳ್ಳಬೇಕು ಎಂಬುದು ಅವನ ಜೀವದ ಆಸೆ. ಜನ ಮನೆ ಕಟ್ಟಿಸಬೇಕು ಎಂದು ಆಸೆಪಡುತ್ತಾರೆ, ಇವನಿಗೆ ಈ ಎರಡು ಮಾತು ಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಹಲ್ಲಿನ ಡಾಕ್ಟರು ದೊಡ್ಡ ಗಂಟೊಂದನ್ನು ಹೊತ್ತುಕೊಂಡು ಅವನ ಅಂಗಡಿಗೆ ಬಂದರು. ಈ ಡಾಕ್ಟರ ಮುಂದೆ ಕೂತವರು ಸದಾ ಬಾಯಿ ತೆರೆದೇ ಇರುತ್ತಾರೆ, ಆದರೆ ಒಬ್ಬರಿಗೂ ಮಾತಾಡಲು ಬರುವುದಿಲ್ಲ. ಹೀಗಾಗಿ ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಕೊಟ್ಟುಕೊಳ್ಳುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

"ನನ್ನ ಹಾಯಿದೋಣಿ ಹಾಯಿ ಇವು. ದೊಡ್ಡದು ಹರಿದಿದೆ. ಹೊಲಿಯೋಕಾಗುತ್ತಾ? ಆಗುತ್ತೆ. ಗಟ್ಟಿ ದಾರ ಇದೆಯಾ? ಇದ್ದೇ ಇರುತ್ತೆ. ಚಿಕ್ಕದನ್ನೂ ಒಂಚೂರು ನೋಡಿಬಿಡಿ. ನೋವಾಯ್ತಾ? ಇಲ್ಲ. ಬರ್ತೀನಿ."

ಟೈಲರ್ ಬಾಯಿ ತೆರೆಯುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ಅಂಗಡಿಯ ಕುರ್ಚಿ ಮೇಜುಗಳನ್ನೆಲ್ಲ ಹೊರಗೆ ಹಾಕಿ ಅವನು ದೊಡ್ಡ ಹಾಯಿಯನ್ನು ನೆಲದ ಮೇಲೆ ಹಾಸಿದ. ಹರುಕು ಅಂಥ ದೊಡ್ಡದಲ್ಲ, ಊಟಕ್ಕೆ ಮುಂಚೆ ಹೊಲಿದು ಮುಗಿಸಿದ. ಆದರೆ ಹಾಯಿ ನೆಲಕ್ಕೆ ಕೂರುತ್ತಿರಲಿಲ್ಲ. ಈ ಮೂಲೆ ಎಳೆದರೆ ನಡುವೆ ಉಬ್ಬಿತು. ನಡುವನ್ನು ತಟ್ಟಿದರೆ ಆ ಅಂಚು ಸುಕ್ಕಾಯಿತು. ಎಲ್ಲ ಕಡೆ ಇಸ್ತ್ರಿ ಪೆಟ್ಟಿಗೆ, ಕತ್ತರಿ, ಕೊನೆಗೆ ತನ್ನ ಊಟದ ಡಬ್ಬಿಯನ್ನೂ ಭಾರಕ್ಕಿಟ್ಟು ನೋಡಿದ. ಹಾಯಿ ಊಟವಾದ ಮೇಲೆ ಅಂಗಾತ ಮಲಗಿದ ಗೃಹಸ್ಥನ ಹಾಗೆ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು.

"ಯಾವ ಕತ್ತೆ ಕತ್ತರಿಸಿದ್ದು ಇದನ್ನ?" ಎಂದು ಅವನು ಪಕ್ಕದಂಗಡಿಯ ಚಪ್ಪಲಿ ರಿಪೇರಿಯವನನ್ನು ಕರೆದು ತೋರಿಸಿದ.

ಚಪ್ಪಲಿ ರಿಪೇರಿಯವನು ತಲೆ ಕೆರೆದುಕೊಂಡ. "ಹಾಕಿ ಹಾಕಿ ಜೋತು ಬಿದ್ದಿರಬೇಕು. ಹೆಬ್ಬೆಟ್ಟಿನ ಹತ್ರ ಚಪ್ಪಲಿ ಸಡಿಲ ಆಗಲ್ವಾ, ಹಂಗೆ."

"ಪಾಪ, ಡಾಕ್ಟ್ರಿಗೆ ಮೋಸ ಮಾಡಿದ್ದಾರೆ" ಎಂದ ಟೈಲರ್. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸರಿ, ಅಂಚಿನಿಂದ ಅಂಚಿಗೆ ಟಕ್ಕು ಹಿಡಿದು, ಎಲ್ಲೆಲ್ಲಿ ಬಟ್ಟೆ ಹೆಚ್ಚಾಗಿದೆಯೋ ಅಲ್ಲೆಲ್ಲ ಒಳಕ್ಕೆ ಮಡಿಚಿ, ಒಂದಕ್ಕೆ ಎರಡು ಹೊಲಿಗೆ ಹಾಕಿದ. ಚಿಕ್ಕ ಹಾಯಿಗೂ ಅದೇ ಉಪಚಾರವಾಯಿತು. ಎದುರಿನ ಇಸ್ತ್ರಿಯವನು ಬಂದು ನೆಲದ ಮೇಲೇ ಇಸ್ತ್ರಿ ಹೊಡೆದ. ಎಲ್ಲ ಮುಗಿದಾಗ ಹಾಯಿಗಳು, ಮೇಲೆ ಗೋಲಿ ಇಟ್ಟರೂ ಉರುಳದಷ್ಟು ಸಮತಟ್ಟಾಗಿದ್ದವು. ಇದಕ್ಕೆಲ್ಲ ಅವನು ಕೂಲಿ ಹಿಡಿಯಲಿಲ್ಲ. ಧರ್ಮಕ್ಕೆ ಮಾಡಿದ ಕೆಲಸ.

ಡಾಕ್ಟರು ಬಂದಾಗ ಅವನು ವಿಷಯ ಹೇಳಲು ಪ್ರಯತ್ನಪಟ್ಟನೆಂಬುದನ್ನು ಇಲ್ಲಿ ದಾಖಲಿಸಲೇಬೇಕು. "ಡಾಕ್ಟ್ರೇ, ಹರಿದಿದ್ದು ಹೊಲಿದಾಯ್ತು, ಅದರ ಜೊತೆಗೆ ಮಧ್ಯದಲ್ಲಿ ಒಂದು..."

"ಚೆನ್ನಾಗಾಗಿದೆಯಾ? ಆಗಿದೆ. ಭಾನುವಾರ ಇದನ್ನ ಕಟ್ಟಿ ಪಕ್ಕದ ಬಂದರಿಗೆ ಹೊರಡ್ತೀನಿ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಅಲ್ಲಿ. ನೀವೂ ಬರ್ತೀರಾ? ಬರ್ತೀರ. ದಾರೀಲಿ ಹೊಲಿಗೆ ಬಿಟ್ಟರೆ ಅಲ್ಲೇ ಹಾಕಬಹುದು."

ಸ್ನಾನದ ನೀರು ಕಿವಿಗೆ ಹೋದರೆ ತಲೆ ಒಂದು ಕಡೆ ವಾಲಿಸಿಕೊಂಡು ಮನೆಯೆಲ್ಲ ಕುಣಿಯುವ ಮನುಷ್ಯ ಇವನು. ಮರುದಿನ ಹೋಗಿ ಜ್ವರವೆಂದೋ ಭೇದಿಯೆಂದೋ ಹೇಳಿ ತಪ್ಪಿಸಿಕೊಳ್ಳುವುದೆಂದು ಆಗಲೇ ನಿಶ್ಚಯಿಸಿದ್ದ. ಆದರೆ ಅಂದು ಊಟಕ್ಕೆ ಕೂತಾಗ ಅತ್ತೆ ಮಗಳಿಗೆ ಹೇಳಿದರು:

"ಅಳಿಯಂದ್ರು ಹೊಸ ಕಾರು ತಗೊಂಡ್ರಂತೆ. ಡ್ರೈವರ್ರೇ ಬೇಡ, ತಾವೇ ಓಡಿಸ್ತಾರಂತೆ. ಅದಕ್ಕೂ ಯೋಗ್ಯತೆ ಬೇಕು."

ಟೈಲರ್ ತಟ್ಟೆ ನೋಡುತ್ತಲೇ, ಏನೂ ಅಲ್ಲವೆಂಬಂತೆ, "ಭಾನುವಾರ ನಾನೂ ಹಾಯಿದೋಣಿ ತಗೊಂಡು ಪಕ್ಕದ ಬಂದರಿಗೆ ಹೋಗ್ತಿದ್ದೀನಿ" ಎಂದ.

ಸೌಟು ನಿಂತಿತು. "ಯಾರು ನಡೆಸ್ತಾರೆ?" ಎಂದಳು ಹೆಂಡತಿ.

"ಹಾಯಿದೆಲ್ಲಾ ನನ್ನ ಜವಾಬ್ದಾರಿ. ಹಗ್ಗ ಎಳೆಯೋಕೆ ಒಬ್ಬ ಇರ್ತಾನೆ."

ಇದನ್ನು ಸುಳ್ಳೆಂದು ಯಾರೂ ಹೇಳುವ ಹಾಗಿಲ್ಲ. ಹಾಯಿಯ ಜವಾಬ್ದಾರಿ ಅವನದೇ ಆಗಿತ್ತು, ಡಾಕ್ಟರು ಹಗ್ಗ ಎಳೆಯುವುದೂ ನಿಜವೇ. ನಿಜಗಳನ್ನು ಎಷ್ಟು ಅಂಕುಡೊಂಕಾಗಿ ಜೋಡಿಸಬಹುದು ಎಂಬುದು ಮಾತ್ರ ಚೌಕ ಹೊಲಿಯುವವನಿಗೆ ಅಂದೇ ಮೊದಲು ತಿಳಿದದ್ದು.

ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟರು. "ನಿನ್ನ ಗಂಡಂಗೆ ಕೇಳು, ನನಗೂ ಜಾಗ ಇದೆಯಾ ಅಂತ. ಹೇಗೂ ಈ ವಾರ ಅಳಿಯಂದ್ರ ಮನೆಗೆ ಹೋಗ್ಬೇಕು. ಬಸ್ಸಲ್ಲಿ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ."

ಟೈಲರನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ಅವನು ಕೆಮ್ಮುತ್ತ ತಲೆ ಆಡಿಸಿದ್ದನ್ನು ಅವರು ಒಪ್ಪಿಗೆ ಎಂದು ತಿಳಿದರು. ತಾಯಿಯನ್ನು ಒಬ್ಬಳನ್ನೇ ಈ ಮನುಷ್ಯನ ಜೊತೆ ನೀರಿಗೆ ಕಳಿಸಲು ಮನಸ್ಸಾಗದೆ ಹೆಂಡತಿಯೂ ಹೊರಡುವುದೆಂದಾಯಿತು. ಅಡುಗೆಮನೆಯಲ್ಲಿ ಅವಳು ಗಂಡನ ಕಿವಿಯಲ್ಲಿ, "ರೀ, ನಿಜ ಹೇಳಿ. ನಿಮಗೆ ದೋಣಿಯಲ್ಲಿ ಮುಂದುಗಡೆ ಯಾವುದು ಹಿಂದುಗಡೆ ಯಾವುದು ಅಂತ ಗೊತ್ತಾ?" ಎಂದಳು.

"ಹೊರಟ ಮೇಲೆ ಗೊತ್ತಾಗುತ್ತೆ ಬಿಡೇ" ಎಂದ ಅವನು.

ಬೀದಿಗೆ ಸುದ್ದಿ ಹಬ್ಬಲು ತಡವಾಗಲಿಲ್ಲ. ಇಸ್ತ್ರಿಯವನು ಬಿಳಿ ಪ್ಯಾಂಟಿಗೆ ಗೆರೆ ಬರುವ ಹಾಗೆ ಇಸ್ತ್ರಿ ಹೊಡೆದುಕೊಟ್ಟ. ಕ್ಷೌರದವನು, "ಟೋಪಿ ಇಲ್ಲದೆ ಎಂಥ ಕ್ಯಾಪ್ಟನ್ ಮಾರಾಯರೇ?" ಎಂದು ಬ್ಯಾಂಡ್ ಮಾಸ್ಟರು ಎಂದೋ ತನ್ನ ಅಂಗಡಿಯಲ್ಲಿ ಮರೆತುಹೋಗಿದ್ದ ಜರಿಪಟ್ಟಿಯ ಟೋಪಿ ತಂದು ಅವನ ತಲೆಗಿಟ್ಟ. ಟೋಪಿ ಕಿವಿಯವರೆಗೂ ಇಳಿಯಿತು. ಅವನು ಒಳಗೆ ಒಂದು ಬಟ್ಟೆಯ ಪಟ್ಟಿ ಕೊಟ್ಟು ಹೊಲಿದುಕೊಂಡ. ಷಡ್ಡಕ ಫೋನು ಮಾಡಿ, "ದೋಣಿಗೆ ವಿಮೆ ಇದೆಯೇನ್ರೀ? ನಿಮಗೆ? ಇರಲಿ ಬಿಡಿ. ನಾನು ಊಟದ ಹೊತ್ತಿಗೆ ಕ್ಯಾಮೆರಾ ಹಿಡ್ಕೊಂಡು ಜೆಟ್ಟಿ ಮೇಲೆ ನಿಂತಿರ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಜೆಟ್ಟಿಯ ಕಾವಲುಗಾರ ಟೋಪಿ ನೋಡಿ ಎದ್ದು ನಿಂತು ಸೆಲ್ಯೂಟ್ ಹೊಡೆದ. ಟೈಲರನ ಎದೆ ಉಬ್ಬಿತು. ಅತ್ತೆ ಆ ಸೆಲ್ಯೂಟನ್ನು ಗಮನಿಸಿದರು. ಅವರು ಮುಂದೆ ಹೋದ ಮೇಲೆ ಕಾವಲುಗಾರ ಮೆಲ್ಲಗೆ, "ಕಾರ್ಯಕ್ರಮ ಎಷ್ಟು ಹೊತ್ತಿಗೆ ಸಾರ್? ಉಳಿದ ಬ್ಯಾಂಡಿನೋರು ಎಲ್ಲಿ?" ಎಂದು ಕೇಳಿದ್ದು ಪುಣ್ಯಕ್ಕೆ ಅವರಿಗೆ ಕೇಳಿಸಲಿಲ್ಲ.

ಡಾಕ್ಟರು ಬರಿಗಾಲಿನಲ್ಲಿ, ಬಣ್ಣ ಮಾಸಿದ ಚಡ್ಡಿಯಲ್ಲಿ, ಹಗ್ಗ ಸುತ್ತುತ್ತ ಕೂತಿದ್ದರು. "ಅತ್ತೆಯವರಾ? ಬರ್ತಾರಾ? ಬರಲಿ. ಮನೆಯವರಾ? ಬರಲಿ. ಟೋಪಿ ಚೆನ್ನಾಗಿದೆಯಾ? ಇದೆ" ಎಂದು ಎಲ್ಲವನ್ನೂ ತಾವೇ ಇತ್ಯರ್ಥ ಮಾಡಿದರು. ಅತ್ತೆ ತಮ್ಮ ಟ್ರಂಕನ್ನು ಅವರ ಕೈಗೆ ಕೊಟ್ಟು, "ತಗೋಪ್ಪಾ, ಹುಷಾರು. ಒಳಗೆ ಗಾಜಿನ ಸಾಮಾನಿದೆ" ಎಂದರು. ಡಾಕ್ಟರು ಹೊತ್ತು ಒಳಗಿಟ್ಟರು. "ಒಳ್ಳೇ ಹುಡುಗ" ಎಂದು ಅತ್ತೆ ಮಗಳಿಗೆ ಹೇಳಿದರು. ಹುಡುಗನಿಗೆ ಐವತ್ತು ದಾಟಿತ್ತು.

ಎಲ್ಲರಿಗೂ ತೇಲುವ ಜಾಕೀಟು ತೊಡಿಸಲಾಯಿತು. ಅತ್ತೆ ಜಾಕೀಟಿನಲ್ಲಿ ಕೈ ಮೇಲೆತ್ತಿದರು, ಇಳಿಸಿದರು, ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. "ನೋಡು, ಕೈ ಎತ್ತಬಹುದು. ಇದನ್ನ ಹೊಲಿದೋನು ಕೆಲಸ ಗೊತ್ತಿರೋನು" ಎಂದರು. ಟೈಲರ್ ಸಮುದ್ರದ ಕಡೆ ನೋಡಿದ.

ಬೆಳಗಿನ ಇಳಿತದ ನೀರು ಹೊರಗೆ ಹರಿಯುತ್ತಿತ್ತು. ಡಾಕ್ಟರು ಹುಟ್ಟು ಹಾಕಿ ಒಮ್ಮೆ ತಳ್ಳಿದ್ದೇ ದೋಣಿ ತಾನಾಗಿ ದೀಪಸ್ತಂಭ ದಾಟಿ ತೆರೆದ ಸಮುದ್ರಕ್ಕೆ ಬಂತು. ಅಲ್ಲಿ ಅವರು ಎರಡೂ ಹಾಯಿ ಏರಿಸಿದರು. ಹಾಯಿಗಳು ಮೇಲೆ ಹೋಗಿ, ತೊಳೆದು ಒಣಹಾಕಿದ ಬೆಡ್‌ಶೀಟುಗಳ ಹಾಗೆ ನೆಟ್ಟಗೆ ನಿಂತವು. ಒಂದು ಸುಕ್ಕಿಲ್ಲ. ಟೈಲರ್ ಹೆಮ್ಮೆಯಿಂದ ಟೋಪಿ ಸರಿಮಾಡಿಕೊಂಡ.

"ಗಾಳಿ ಇದೆಯಾ? ಇದೆ" ಎಂದರು ಡಾಕ್ಟರು. "ಹಾಯಿ ಇದೆಯಾ? ಇದೆ. ಮತ್ತೆ ದೋಣಿ ಯಾಕೆ ಹೋಗ್ತಿಲ್ಲ?"

ವೃತ್ತಿಗಿಳಿದ ಮೇಲೆ ಮೊದಲ ಬಾರಿಗೆ ಅವರಿಗೆ ತಮ್ಮ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಈ ಹಗ್ಗ ಬಿಗಿದರು, ಆ ಹಗ್ಗ ಸಡಿಲಿಸಿದರು, ದೋಣಿಯ ಮೂತಿ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಗಾಳಿ ಬಂದು ಹಾಯಿಗೆ ತಾಕಿ, ಹಿಡಿದು ನಿಲ್ಲಲು ಜಾಗವಿಲ್ಲದೆ, ಜಾರಿಕೊಂಡು ಹೋಗುತ್ತಿತ್ತು. ದೂರದಲ್ಲಿ ಬೇರೆ ಹಾಯಿದೋಣಿಗಳು ಕಂಡವು, ಹತ್ತಿರ ಬಂದವು, ಹಾದುಹೋದವು. ಹಿಂದೆಯೇ ಯಾರೋ ಕಳೆದುಕೊಂಡ ಕೆಂಪು ಪ್ಲಾಸ್ಟಿಕ್ ಬಕೆಟ್ಟೊಂದು ತೇಲಿಬಂತು.

ಅತ್ತೆ ಅದನ್ನು ಬಹಳ ಹೊತ್ತು ಗಮನಿಸಿದರು. "ನಿನ್ನ ಗಂಡಂಗೆ ಹೇಳು, ಆ ಬಕೆಟ್ಟು ನಮ್ಮನ್ನ ಹಿಂದೆ ಹಾಕ್ತು."

"ಅಮ್ಮ ಹೇಳ್ತಿದ್ದಾಳೆ, ಬಕೆಟ್ಟು..."

"ಕೇಳಿಸ್ತು ಕಣೇ."

"ಎಂಜಿನ್ ಹಾಕಬಹುದಲ್ಲ?" ಎಂದಳು ಹೆಂಡತಿ.

"ಎಂಜಿನ್ ಇದೆಯಾ? ಇದೆ. ಎಲ್ಲಿದೆ? ಮೆಕ್ಯಾನಿಕ್ ಹತ್ರ" ಎಂದರು ಡಾಕ್ಟರು. "ಹಾಯಿ ಹೊಸದಾಗಿ ಹೊಲಿಸಿದೀನಲ್ಲ, ಎಂಜಿನ್ ಯಾಕೆ ಅಂತ ಬಿಟ್ಟುಬಂದೆ." ಬೇಸರದಲ್ಲಿ ಅವರು ಹಲ್ಲು ಕಿರಿದರು. ಅತ್ತೆ ಬಗ್ಗಿ ಆ ಹಲ್ಲುಗಳನ್ನು ಪರೀಕ್ಷಿಸಿ, "ಎಷ್ಟು ಚೆನ್ನಾಗಿದೆಯಪ್ಪಾ ನಿನ್ನ ಹಲ್ಲು. ಯಾವ ಹಲ್ಲಿನ ಡಾಕ್ಟ್ರ ಹತ್ರನೂ ಹೋಗ್ಬೇಡ. ಎಲ್ಲಾ ಕಿತ್ತು ಕೈಗೆ ಕೊಡ್ತಾರೆ" ಎಂದು ಬುದ್ಧಿ ಹೇಳಿದರು.

ಊಟದ ಹೊತ್ತು ಕಳೆಯಿತು. ನೀರು ಈಗ ಉಬ್ಬರಕ್ಕೆ ತಿರುಗಿ ಒಳಕ್ಕೆ ಹರಿಯತೊಡಗಿತ್ತು. ಅತ್ತೆ ಒಂದು ಸಣ್ಣ ನಿದ್ದೆ ತೆಗೆದು ಕಣ್ಣು ಬಿಟ್ಟರು. ಎದುರಿಗೆ ದೀಪಸ್ತಂಭ.

"ಬಂದ್ವಾ?" ಎಂದು ಅವರು ಸಂತೋಷದಿಂದ ಎದ್ದು ಕೂತರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಇದೇನು, ಥೇಟ್ ನಮ್ಮೂರಿನ ದೀಪಸ್ತಂಭದ ಥರಾನೇ ಕಟ್ಟಿದ್ದಾರೆ?"

ಅದು ಅವರೂರಿನದೇ ಆಗಿತ್ತು.

ಡಾಕ್ಟರು ಸೋತು ಕೆಳಗೆ ಕೂತರು. ತಲೆಯೆತ್ತಿ ಹಾಯಿ ನೋಡುತ್ತ ತಮಗೆ ತಾವೇ, "ಇವತ್ತು ಹಾಯಿಗೆ ಯಾಕೋ ಹೊಟ್ಟೆನೇ ಬರ್ತಿಲ್ಲ" ಎಂದರು.

ತನ್ನ ಕೆಲಸವನ್ನು ಕೊನೆಗೂ ಒಬ್ಬರು ಗುರುತಿಸಿದರಲ್ಲ ಎಂದು ಟೈಲರನ ಮುಖ ಅರಳಿತು. "ಎಲ್ಲಿಂದ ಬರುತ್ತೆ ಸಾರ್? ಹೊಟ್ಟೆ ಪೂರ್ತಿ ನಾನೇ ತೆಗೆದೆ. ಎರಡರದ್ದೂ. ಅದಕ್ಕೆ ಚಾರ್ಜ್ ಇಲ್ಲ."

ಡಾಕ್ಟರು ಬಾಯಿ ತೆರೆದರು. ಅವರ ಮುಂದೆ ಕೂತವರಿಗೆ ಆಗುವ ಗತಿ ಇಂದು ಅವರಿಗಾಯಿತು, ಬಾಯಿ ತೆರೆದಿದೆ, ಮಾತಿಲ್ಲ. ಕೊನೆಗೆ, "ಅಯ್ಯಾ ಪುಣ್ಯಾತ್ಮ, ಗಾಳಿ ತುಂಬಿಕೊಳ್ಳೋದೇ ಆ ಹೊಟ್ಟೆಯಲ್ಲಿ! ದೋಣಿ ಎಳೆಯೋದೇ ಅದು! ಬೇಕೂಂತ ಹಾಗೆ ಹೊಲಿದಿರ್ತಾರೆ!" ಎಂದು ಕೂಗಿದರು.

"ನಾನು ಜೋತು ಬಿದ್ದಿದೆ ಅಂದ್ಕೊಂಡೆ..." ಎಂದ ಟೈಲರ್. ತಲೆಯ ಮೇಲಿನ ಟೋಪಿ ಇದ್ದಕ್ಕಿದ್ದಂತೆ ಮತ್ತೆ ದೊಡ್ಡದಾದಂತೆನಿಸಿತು.

ಅತ್ತೆ ಮಗಳ ಕಡೆ ತಿರುಗಿದರು. ಅವರ ದನಿ ಬಹಳ ಶಾಂತವಾಗಿತ್ತು. "ನಿನ್ನ ಗಂಡಂಗೆ ಕೇಳು. ಅವತ್ತು ಕೋಟು ಸರಿಯಾಗಿದೆ, ನಾನೇ ದಪ್ಪ ಆಗಿದ್ದೀನಿ ಅಂದ್ರಲ್ಲ. ಇವತ್ತೇನು, ಗಾಳಿ ದಪ್ಪ ಆಗಿದೆಯಾ?"

ಹೆಂಡತಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. ಪ್ರಶ್ನೆಯನ್ನು ದಾಟಿಸುವ ಅಗತ್ಯವೇ ಬೀಳಲಿಲ್ಲ. "ಇಲ್ಲ ಅತ್ತೆ" ಎಂದ ಟೈಲರ್, ದೋಣಿಯ ತಳ ನೋಡುತ್ತ. "ಗಾಳಿ ಸರಿಯಾಗಿದೆ. ನೀವೂ ಸರಿಯಾಗೇ ಇದ್ರಿ."

ಅತ್ತೆ ಕೈಚೀಲದಿಂದ ಚಿಕ್ಕ ಕತ್ತರಿ ತೆಗೆದರು. "ಹಾಯಿ ಕೆಳಗಿಳಿಸೋಕೆ ಹೇಳು ಆ ಹುಡುಗನಿಗೆ. ನಿನ್ನ ಗಂಡನ ಹೊಲಿಗೆ ಬಿಚ್ಚೋದು ನನಗೆ ಹೊಸದಲ್ಲ. ಆ ಕೋಟಲ್ಲಿ ಕೈ ಪಳಗಿದೆ."

ನೀರಿನ ನಡುವೆ ನಾಲ್ಕು ಜನ ಹಾಯಿ ಹೊದ್ದುಕೊಂಡು ಕೂತು ಹೊಲಿಗೆ ಬಿಚ್ಚುವ ದೃಶ್ಯ ನೋಡಲು ಹಾದುಹೋಗುವ ಮೀನಿನ ದೋಣಿಗಳು ನಿಧಾನಿಸಿದವು. ಟೈಲರನ ಹೊಲಿಗೆ ಸುಮ್ಮನೆ ಬಿಡುವಂಥದಲ್ಲ. ಡಾಕ್ಟರು ಹಲ್ಲು ಕೀಳುವ ಇಕ್ಕಳ ತಂದು ದಾರ ಹಿಡಿದು ಎಳೆದರು. ಪ್ರತಿ ಎಳೆತಕ್ಕೂ "ನೋವಾಯ್ತಾ? ಇಲ್ಲ" ಎನ್ನುತ್ತಿದ್ದರು. ಇಕ್ಕಳ ಕಂಡ ಮೇಲೆ ಅತ್ತೆಗೆ ಈ ಹುಡುಗ ಯಾರೆಂಬ ಅನುಮಾನ ಬಂದು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕೆಲಸ ಮುಂದುವರಿಸಿದರು. ಹರುಕಿಗೆ ಹಾಕಿದ ಹೊಲಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿ ಮುಗಿದಾಗ ಬಿಸಿಲು ಇಳಿದಿತ್ತು, ಗಾಳಿ ಏರಿತ್ತು.

ಹಾಯಿ ಮತ್ತೆ ಮೇಲೇರಿತು. ಒಂದು ಸಲ ಪಟಪಟನೆ ಬಡಿದುಕೊಂಡು, ಧಡಕ್ಕನೆ ಹೊಟ್ಟೆ ಬಿಟ್ಟಿತು. ದೋಣಿ ಒಂದು ಕಡೆ ವಾಲಿ ಬಾಣದ ಹಾಗೆ ಹೊರಟಿತು. ಹಗ್ಗಗಳಿಗೆ ಎರಡೂ ಕೈ ಬೇಕಾಗಿದ್ದ ಡಾಕ್ಟರು, "ಚುಕ್ಕಾಣಿ ಹಿಡೀರಿ! ದೂರದಲ್ಲಿ ಆ ಬಿಳಿ ಕಟ್ಟಡ ಕಾಣುತ್ತಾ? ಕಾಣುತ್ತೆ. ಅದಕ್ಕೆ ನೇರ!" ಎಂದು ಕೂಗಿದರು.

ನೇರ ಎಂಬ ಮಾತು ಕೇಳಿದ್ದೇ ಟೈಲರನ ಭಯ ಹಾರಿಹೋಯಿತು. ಕಣ್ಣು ಕಿರಿದು ಮಾಡಿ, ಸೂಜಿಯ ಕೆಳಗೆ ಪರದೆಯ ಅಂಚು ಹಿಡಿದಂತೆ ಚುಕ್ಕಾಣಿ ಹಿಡಿದ. ಅಲೆ ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಅವನ ಗೆರೆ ಒಂದು ನೂಲಿನಷ್ಟೂ ಸರಿಯಲಿಲ್ಲ. ಕೆಂಪು ಬಕೆಟ್ಟು ಸಿಕ್ಕಿತು. ಅದನ್ನು ಹಿಂದೆ ಹಾಕಿದರು. ಅತ್ತೆ ಜಾಕೀಟಿನಲ್ಲೇ ಕೈಗಳನ್ನು ಮೇಲೆತ್ತಿ ಚಪ್ಪಾಳೆ ತಟ್ಟಿದರು.

"ನಿನ್ನ ಗಂಡಂಗೆ ನೇರ ಹೋಗೋದು ಬರುತ್ತೆ ಕಣೇ" ಎಂದರು. ಇಷ್ಟು ವರ್ಷಗಳಲ್ಲಿ ಅವನ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು. ಅವನಿಗೆ ಅಳು ಬಂತು. ಉಪ್ಪುನೀರು ಹೇಗೂ ಮುಖಕ್ಕೆ ರಾಚುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಆ ಬಿಳಿ ಕಟ್ಟಡ ಪಕ್ಕದ ಬಂದರಿನ ಕಚೇರಿ. ಅದರ ಮುಂದೆ ಜೆಟ್ಟಿ. ಜೆಟ್ಟಿಯ ಮೇಲೆ ಷಡ್ಡಕ ಸೂಟು ತೊಟ್ಟು, ಕ್ಯಾಮೆರಾ ಹಿಡಿದು, ಮಧ್ಯಾಹ್ನದಿಂದ ನಿಂತು ನಿಂತು ಟೊಮೇಟೊ ಬಣ್ಣಕ್ಕೆ ತಿರುಗಿದ್ದ. ಪಕ್ಕದಲ್ಲಿ ಬಂದರು ಅಧಿಕಾರಿ, ಒಂದು ಕೈಯಲ್ಲಿ ಧ್ವನಿವರ್ಧಕ, ಇನ್ನೊಂದು ಕೈ ಊದಿದ ಕೆನ್ನೆಯ ಮೇಲೆ.

"ವೇಗ ಕಡಿಮೆ ಮಾಡಿ!" ಎಂದು ಧ್ವನಿವರ್ಧಕ ಕೂಗಿತು. "ತಿರುಗಿಸಿ! ತಿರುಗಿಸಿ!"

"ತಿರುಗಿಸಿ!" ಎಂದು ಡಾಕ್ಟರೂ ಕೂಗಿದರು.

"ನೇರ ಅಂದ್ರಲ್ಲ!" ಎಂದ ಟೈಲರ್. ಅಷ್ಟು ಚೆಂದದ ಗೆರೆಯನ್ನು ಕೊನೆಯ ಗಳಿಗೆಯಲ್ಲಿ ಸೊಟ್ಟ ಮಾಡಲು ಅವನಿಗೆ ಮನಸ್ಸು ಬರಲಿಲ್ಲ.

ಡಾಕ್ಟರು ಹಾಯಿ ಕಳಚಿ ಕೆಡವಿ, ಚುಕ್ಕಾಣಿ ಕಸಿದು ತಿರುಗಿಸಿ, ಹಗ್ಗ ಬೀಸಿ ಜೆಟ್ಟಿಗೆ ಎಸೆದರು. ಎಸೆದದ್ದು ಯಾರಾದರೂ ಕಂಬಕ್ಕೆ ಸುತ್ತಲಿ ಎಂದು. ಹಿಡಿದವನು ಷಡ್ಡಕ. ಫೋಟೋಕ್ಕೆ ಒಪ್ಪುವ ಭಂಗಿಯಲ್ಲಿ ಅದನ್ನು ಒಂದೇ ಕೈಯಲ್ಲಿ ಹಿಡಿದು ನಕ್ಕ. ದೋಣಿ ನಿಲ್ಲಲಿಲ್ಲ. ಷಡ್ಡಕ ಮೊದಲು ನಡೆದ, ಆಮೇಲೆ ಬೇಗ ನಡೆದ, ಆಮೇಲೆ ಸೂಟಿನ ಬಾಲ ಹಾರಿಸುತ್ತ ಜೆಟ್ಟಿಯುದ್ದಕ್ಕೂ ಓಡಿದ. "ಬಿಡ್ರೀ, ಹಗ್ಗ ಬಿಡ್ರೀ!" ಎಂದು ಎಲ್ಲರೂ ಕೂಗಿದರು. ಕೈಗೆ ಬಂದದ್ದನ್ನು ಬಿಡುವ ಅಭ್ಯಾಸ ಅವನಿಗೆ ಕಚೇರಿಯಲ್ಲೂ ಇರಲಿಲ್ಲ. ಜೆಟ್ಟಿ ಮುಗಿಯಿತು. ಷಡ್ಡಕ ಮುಗಿಯಲಿಲ್ಲ, ನೀರಿಗೆ ಬಿದ್ದ. ಬಿದ್ದ ಭಾರಕ್ಕೋ ಏನೋ ದೋಣಿ ನಿಂತಿತು.

ಅವನನ್ನು ಮೇಲೆತ್ತಿ, ಎಲ್ಲರೂ ಜೆಟ್ಟಿ ಹತ್ತಿದ್ದಾಯಿತು. ಅಧಿಕಾರಿ ಕೆನ್ನೆ ಹಿಡಿದುಕೊಂಡೇ ಗುಡುಗಿದರು. "ನಿಮ್ಮನ್ನ ಹುಡುಕೋಕೆ ದೋಣಿ ಕಳಿಸೋದರಲ್ಲಿದ್ದೆ! ಎಂಜಿನ್ ಇಲ್ಲದೆ ಬಂದಿದ್ದೀರಿ, ಜೆಟ್ಟಿಗೆ ನುಗ್ಗಿದ್ದೀರಿ. ಕೇಸು ಹಾಕ್ತೀನಿ! ಏನ್ರೀ," ಎಂದು ಷಡ್ಡಕನ ಕಡೆ ತಿರುಗಿದರು, "ಮಧ್ಯಾಹ್ನದಿಂದ ಇವರಿಗೇ ಕಾಯ್ತಿದ್ರಲ್ಲ, ನಿಮ್ಮ ಸಂಬಂಧಿಕರಾ?"

ಕೇಸು ಎಂಬ ಮಾತು ಕೇಳಿ ಷಡ್ಡಕನ ವಿಮೆಯ ಬುದ್ಧಿ ಎಚ್ಚೆತ್ತಿತು. "ಸಂಬಂಧ ಅಂತ ಏನಿಲ್ಲ ಸಾರ್. ಮುಖಪರಿಚಯ ಅಷ್ಟೆ."

"ಈ ಅಜ್ಜಿ?"

"ಅವರನ್ನೂ..." ಷಡ್ಡಕ ಕಣ್ಣಿನ ನೀರು ಒರೆಸಿಕೊಂಡ. "ಎಲ್ಲೋ ನೋಡಿದ ಹಾಗಿದೆ."

ಅತ್ತೆ ಆ ಮಾತು ಕೇಳಿಸಿಕೊಂಡರು. ಅವರ ಮುಖ ನೋಡಿ ಟೈಲರನಿಗೆ ಕರುಳು ಚುರುಕ್ಕೆಂದಿತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಮುಂದೆ ಬಂದ.

"ಸಾರ್, ಇದು ಬ್ಯಾಂಡ್ ಮಾಸ್ಟರ ಟೋಪಿ. ನಾನು ಕ್ಯಾಪ್ಟನ್ ಅಲ್ಲ, ಪರದೆ ಹೊಲಿಯೋನು. ಹಾಯಿ ಕೆಡಿಸಿ ತಡ ಮಾಡಿದ್ದು ನಾನೇ. ಹಾಕೋದಾದ್ರೆ ನನ್ನ ಮೇಲೆ ಹಾಕಿ. ಇವರು ನಮ್ಮ ಅತ್ತೆ. ಇವರಿಗೆ ಕೂತ್ಕೊಳ್ಳೋಕೆ ಮೊದಲು ಒಂದು ಕುರ್ಚಿ ಕೊಡಿ, ಸೊಂಟ ನೋವಿದೆ."

"ಕ್ಯಾಪ್ಟನ್ ನಾನು" ಎಂದು ಡಾಕ್ಟರು ನಡುವೆ ಬಂದರು. "ದೋಣಿ ಯಾರದು? ನಂದು. ಕೇಸು ಆಮೇಲೆ. ಆ ಕೆನ್ನೆ ಏನಾಗಿದೆ? ಊದಿದೆ. ಎಷ್ಟು ದಿನದಿಂದ? ಬಹಳ ದಿನದಿಂದ. ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ."

ಡಾಕ್ಟರ ಬೆರಳು ಬಾಯಿಯೊಳಗೆ ಹೋದ ಮೇಲೆ ಅಧಿಕಾರಿಗೆ ಕೇಸು ಎನ್ನಲು ಬರಲಿಲ್ಲ. "ಆ, ಆ" ಎಂದರು ಅಷ್ಟೆ. "ಕೇಸು ಹಾಕ್ತೀರಾ? ಇಲ್ಲ. ಸೋಮವಾರ ಬರ್ತೀರಾ? ಬರ್ತೀರ" ಎಂದು ಡಾಕ್ಟರು ಆ ವಿಚಾರಣೆಯನ್ನೂ ತಾವೇ ಮುಗಿಸಿದರು.

ಅಧಿಕಾರಿ ಬಾಯಿ ಮುಚ್ಚಿಕೊಂಡು, ಸ್ವಲ್ಪ ಮೆತ್ತಗಾಗಿ, ತಾವೇ ಕುರ್ಚಿ ತಂದು ಅತ್ತೆಗೆ ಹಾಕಿದರು. "ಕೂತ್ಕೊಳ್ಳಿ ಅಜ್ಜಿ. ಈ ಟೋಪಿಯೋರು ನಿಮಗೇನಾಗ್ಬೇಕು?"

ಟೈಲರ್ ಉಸಿರು ಬಿಗಿಹಿಡಿದ. ಹೆಂಡತಿ ಟ್ರಂಕಿನ ಹಿಡಿ ಬಿಗಿಹಿಡಿದಳು. ಅತ್ತೆ ನಿಧಾನವಾಗಿ ಕೂತು, ಜಾಕೀಟು ಸರಿಮಾಡಿಕೊಂಡು, ಇಡೀ ಜೆಟ್ಟಿಗೆ ಕೇಳುವ ಹಾಗೆ ಹೇಳಿದರು:

"ಇವರು ನಮ್ಮ ಅಳಿಯಂದ್ರು."

"ಮತ್ತೆ ಅಲ್ಲಿ ನೀರು ಸುರಿಸ್ಕೊಂಡು ನಿಂತಿದ್ದಾರಲ್ಲ, ಅವರು?"

ಅತ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಷಡ್ಡಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅವರಾ? ದೊಡ್ಡೋಳ ಗಂಡ."

ಟೈಲರನಿಗೆ ಜೆಟ್ಟಿ, ಸಮುದ್ರ, ಷಡ್ಡಕ ಎಲ್ಲ ಕಣ್ಣೀರಿನಲ್ಲಿ ಕಲಸಿಹೋಯಿತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು ಎಂದು ಅವನು ಜೇಬಿನಿಂದ ಟೇಪು ಎಳೆದು ಅತ್ತೆಯ ಕುರ್ಚಿಯ ಬಳಿ ಮಂಡಿಯೂರಿದ. "ಅತ್ತೆ, ಈ ಸಲ ಹೊಸ ಉಣ್ಣೆ ಬಟ್ಟೆ ತಂದು, ಸಡಿಲವಾಗಿ, ಕೈ ಎತ್ತೋ ಹಾಗೆ..."

"ಅಳಿಯಂದಿರೇ" ಎಂದರು ಅತ್ತೆ, ಮಗಳ ಕಡೆ ತಿರುಗದೆ, ನೇರವಾಗಿ ಅವನ ಕಣ್ಣು ನೋಡಿ, ಟೇಪನ್ನು ಮೆಲ್ಲಗೆ ಅವನ ಜೇಬಿಗೇ ತುರುಕುತ್ತ. "ನನ್ನ ಕೋಣೆ ಕಿಟಕಿಗೆ ಒಂದು ಪರದೆ ಹೊಲಿದುಕೊಡಿ. ಕೋಟಿನ ತಂಟೆಗೆ ಮಾತ್ರ ಬರಬೇಡಿ."